ಹಳೆ ಮಿನಿ ಟ್ರ್ಯಾಕ್ಟರಿನ ರಿಮ್ಮು ರಿಪೇರಿ: ವೆಲ್ಡಿಂಗ್‌ಗೆ ಮೊದಲು ಟೈರು ಬಿಚ್ಚಿಸಿ



ಟ್ರ್ಯಾಕ್ಟರಿನ ಹಿಂದಿನ ಗಾಲಿ ಒಂದೇ ತಿಂಗಳಲ್ಲಿ ಮೂರನೇ ಸಲ ಗಾಳಿ ಇಳಿದು ಕೂತಿದ್ದರೆ ಪಂಕ್ಚರ್ ಅಂಗಡಿಯವರನ್ನು ಒಂದು ಮಾತು ಕೇಳಿ: ತೂತು ಟ್ಯೂಬಿನ ಯಾವ ಮಗ್ಗುಲಲ್ಲಿದೆ? ನೆಲದ ಕಡೆಯ ಮಗ್ಗುಲಲ್ಲಿದ್ದರೆ ಅದು ಮುಳ್ಳಿನ ಕೆಲಸ. ಪಾವಗಡ, ಶಿರಾ ಕಡೆ ಬಳ್ಳಾರಿ ಜಾಲಿ ಇರುವಷ್ಟು ದಿನ ಆ ಕಾಟ ತಪ್ಪಿದ್ದಲ್ಲ. ತೂತು ಒಳಗಡೆ, ಅಂದರೆ ಕಬ್ಬಿಣಕ್ಕೆ ತಾಗುವ ಮಗ್ಗುಲಲ್ಲಿದ್ದರೆ ಎಷ್ಟು ಸಲ ಪ್ಯಾಚ್ ಹಾಕಿಸಿದರೂ ಅದು ಮತ್ತೆ ಹೋಗುತ್ತದೆ. ರಿಮ್ಮಿನ ಒಳಗೆ ತುಕ್ಕು ಹಕ್ಕಳೆ ಎದ್ದು ಟ್ಯೂಬನ್ನು ಕೊರೆಯುತ್ತಿದೆ ಎಂದು ಅರ್ಥ. ಹೊಸ ಟ್ಯೂಬು ಹಾಕಿಸಿದರೆ ಹೊಸ ಟ್ಯೂಬೂ ಹೋಗುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಈಗ ಹಸಿರು ಮೇವು, ಜೋಳದ ಕಡ್ಡಿ, ಹಿಂಡಿ ಚೀಲ, ಗೊಬ್ಬರ ಎಲ್ಲವನ್ನೂ ಎಳೆಯುವುದು ಮಿನಿ ಟ್ರ್ಯಾಕ್ಟರೇ. ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿಟ್ಸುಬಿಷಿ ಸಹಯೋಗದಲ್ಲಿ ತಂದ ಶಕ್ತಿ ಗಾಡಿಗಳು, ಆಮೇಲೆ ಬಂದ ಮಹೀಂದ್ರ ಯುವರಾಜ್, ಇಂಥವುಗಳಲ್ಲಿ ಎಷ್ಟೋ ಈಗ ಎರಡನೇ, ಮೂರನೇ ಕೈಗೆ ಬಂದಿವೆ. ಎಂಜಿನ್ ಇನ್ನೂ ಗಟ್ಟಿ, ರಿಮ್ಮು ಮಾತ್ರ ಹಣ್ಣಾಗಿದೆ. ಮನೆಯ ಗಂಡಸರು ಬೆಂಗಳೂರಿಗೆ ಕೆಲಸಕ್ಕೆ ಹೋದ ಕಡೆ ಗಾಡಿಯನ್ನು ವೆಲ್ಡಿಂಗ್ ಅಂಗಡಿಗೆ ಕಳಿಸುವುದು, ಕೂಲಿ ಮಾತಾಡುವುದು, ಎದುರಿಗೆ ನಿಂತು ಮಾಡಿಸುವುದು ಎಲ್ಲ ನೀವೇ. ಆದ್ದರಿಂದ ಈ ಲೇಖನ ಮೆಕ್ಯಾನಿಕ್ಕುಗಳಿಗಲ್ಲ, ಮಾಡಿಸುವ ನಿಮಗೆ.

ಎಲ್ಲಕ್ಕಿಂತ ಮೊದಲು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಟೈರು ಇರುವಾಗ ಬೆಂಕಿ ತಾಗಿಸಬಾರದು

ರಿಮ್ಮಿನ ಮೇಲೆ ಟೈರು ಕೂತಿರುವಾಗ ವೆಲ್ಡಿಂಗ್ ಮಾಡುವುದು, ಗ್ಯಾಸ್ ಹಚ್ಚಿ ಕಾಯಿಸುವುದು ಎರಡೂ ಪ್ರಾಣಾಪಾಯದ ಕೆಲಸ. "ಗಾಳಿ ಬಿಟ್ಟಿದ್ದೀನಿ ಕಣಕ್ಕ, ಏನೂ ಆಗಲ್ಲ, ಐದು ನಿಮಿಷದ ಕೆಲಸ" ಎಂದು ಹೇಳುವವರು ಸಿಗುತ್ತಾರೆ. ಆ ಮಾತು ತಪ್ಪು. ಯಾಕೆಂದು ತಿಳಿದುಕೊಂಡರೆ ಧೈರ್ಯವಾಗಿ ಬೇಡ ಎನ್ನಬಹುದು.

ಕಬ್ಬಿಣ ಕಾದಾಗ ಅದಕ್ಕೆ ಅಂಟಿಕೊಂಡ ರಬ್ಬರು ಒಳಗಡೆ ಬೇಯತೊಡಗುತ್ತದೆ. ಬೆಂದ ರಬ್ಬರಿನಿಂದ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಕೂತಿರುವುದರಿಂದ ಆ ಅನಿಲಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ವಾಲ್ವಿನ ಪಿನ್ನು ತೆಗೆದಿದ್ದರೂ ಆ ಸಣ್ಣ ತೂತು ಸಾಲುವುದಿಲ್ಲ. ಒಳಗೆ ಒತ್ತಡ ಏರುತ್ತಾ ಹೋಗಿ, ಅನಿಲಕ್ಕೆ ಕಿಡಿ ತಾಗಿದರೆ ಕ್ಷಣದಲ್ಲಿ ಸಿಡಿಯುತ್ತದೆ. ವಿಷಲ್ ಕಟ್ಟಿಕೊಂಡ ಕುಕ್ಕರಿಗಾದರೂ ಸೇಫ್ಟಿ ವಾಲ್ವ್ ಇರುತ್ತದೆ, ಟೈರಿಗೆ ಅದೂ ಇಲ್ಲ. ಸಿಡಿದಾಗ ಟೈರೂ ರಿಮ್ಮಿನ ಚೂರೂ ಎದುರಿಗಿದ್ದವರ ಮುಖ, ಎದೆಗೆ ಬಡಿಯುತ್ತವೆ. ಇನ್ನೊಂದು ಅಪಾಯ: ಒಳಗೆ ರಬ್ಬರು ಕನಲುತ್ತಲೇ ಇದ್ದರೆ ವೆಲ್ಡಿಂಗ್ ನಿಲ್ಲಿಸಿ ಎಷ್ಟೋ ಹೊತ್ತಾದ ಮೇಲೂ ಸಿಡಿಯಬಹುದು. ಆಗ ಪಕ್ಕದಲ್ಲಿ ಮಕ್ಕಳೇ ಇರಬಹುದು, ಟೀ ಕುಡಿಯುತ್ತಾ ಕೂತವರೇ ಇರಬಹುದು.

ನಟ್ಟು ತುಕ್ಕು ಹಿಡಿದು ಬಿಚ್ಚದಿದ್ದಾಗ ಗ್ಯಾಸ್ ಹಚ್ಚಿ ಕಾಯಿಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆಯನ್ನೋ ಡೀಸೆಲ್ಲನ್ನೋ ಟೈರಿಗೆ ತಾಗದ ಹಾಗೆ ನಟ್ಟಿನ ಮೇಲೆ ಮಾತ್ರ ಬಿಟ್ಟು, ಬೆಳಿಗ್ಗೆ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ತಿರುಗಿಸಲಿ. ಅದಕ್ಕೂ ಬಗ್ಗದಿದ್ದರೆ ನಟ್ಟನ್ನು ಉಳಿಯಿಂದ ಒಡೆದು ತೆಗೆಯಲಿ. ಹೊಸ ನಟ್ಟಿಗೆ ಬೀಳುವ ದುಡ್ಡು ದೊಡ್ಡದಲ್ಲ.

ಆದ್ದರಿಂದ ಅಂಗಡಿಯಲ್ಲಿ ಹೇಳಬೇಕಾದ್ದು ಇಷ್ಟೇ: "ಅಣ್ಣಾ, ಟೈರು ಟ್ಯೂಬು ಪೂರ್ತಿ ಬಿಚ್ಚಿ ಆ ಕಡೆ ಇಟ್ಟು, ಬರೀ ರಿಮ್ಮಿಗೆ ವೆಲ್ಡಿಂಗ್ ಹಚ್ಚು. ಬಿಚ್ಚಿದ್ದಕ್ಕೆ ಕೂಲಿ ಬೇರೆ ಕೊಡ್ತೀನಿ." ಅದಕ್ಕೆ ಒಪ್ಪದ ಅಂಗಡಿಯಿಂದ ಗಾಲಿ ವಾಪಸ್ ತನ್ನಿ. "ಮನೆಯವರನ್ನ ಕಳಿಸಮ್ಮಾ, ನಿಂಗಿದೆಲ್ಲ ಗೊತ್ತಾಗಲ್ಲ" ಎಂಬ ಮಾತು ಬಂದರೂ ಅಷ್ಟೇ.

ರಿಮ್ಮು ಯಾಕೆ ಕೆಡುತ್ತದೆ

ಗಾಲಿಯಲ್ಲಿ ಎರಡು ಭಾಗವಿದೆ. ಟೈರು ಕೂರುವ ಹೊರಗಿನ ಬಳೆ ರಿಮ್ಮು. ಮಧ್ಯದಲ್ಲಿ ಆಕ್ಸಲಿಗೆ ಬೋಲ್ಟಾಗುವ ತಟ್ಟೆ ಡಿಸ್ಕು. ಕೆಲವು ಗಾಡಿಗಳಲ್ಲಿ ಇವೆರಡೂ ಬೆಸೆದು ಒಂದೇ ಆಗಿರುತ್ತವೆ. ಕೆಲವಕ್ಕೆ ರಿಮ್ಮಿನ ಒಳಗೆ ಬೆಸೆದ ಕಿವಿಗಳಿದ್ದು, ಡಿಸ್ಕನ್ನು ಅವಕ್ಕೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ಎರಡನೇ ಬಗೆಯಲ್ಲಿ ರಿಮ್ಮೊಂದನ್ನೇ ಬದಲಿಸಬಹುದು, ಖರ್ಚು ಕಡಿಮೆ. ನಿಮ್ಮ ಗಾಡಿಯದು ಯಾವುದೆಂದು ಇವತ್ತೇ ನೋಡಿಟ್ಟುಕೊಳ್ಳಿ.

ಹೈನುಗಾರರ ಮನೆಯ ಗಾಡಿಗೆ ತುಕ್ಕು ಬೇರೆಯವರ ಗಾಡಿಗಿಂತ ಬೇಗ ಹಿಡಿಯುತ್ತದೆ. ಗಂಜಲ, ಸಗಣಿ, ತಿಪ್ಪೆಯ ನೀರು ಕಬ್ಬಿಣವನ್ನು ತಿನ್ನುತ್ತವೆ. ತಿಪ್ಪೆಗೆ ಹಿಂದಕ್ಕೆ ಹೋಗಿ ಗೊಬ್ಬರ ತುಂಬಿ, ಹಾಗೆಯೇ ತಂದು ಕೊಟ್ಟಿಗೆ ಪಕ್ಕ ನಿಲ್ಲಿಸಿದರೆ ಟೈರಿಗೂ ರಿಮ್ಮಿಗೂ ನಡುವಿನ ಸಂದಿಯಲ್ಲಿ ಅದು ಒಣಗದೆ ಕೂತಿರುತ್ತದೆ. ಯೂರಿಯಾ ಚೀಲದಿಂದ ಉದುರಿದ್ದೂ ಹಾಗೆಯೇ.

ಇದರ ಮೇಲೆ ಟ್ಯೂಬಿಗೆ ನೀರು ತುಂಬುವ ರೂಢಿ ಇದೆ. ಮಿನಿ ಗಾಡಿ ಹಗುರ, ಉಳುವಾಗ ಗಾಲಿ ಜಾರುತ್ತದೆ ಎಂದು ಹಿಂದಿನ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ವಾಲ್ವಿನ ಬುಡದಿಂದ ನೀರು ಜಿನುಗಿದಾಗ ಮಾತ್ರ ತೊಂದರೆ. ಆ ನೀರು ಟ್ಯೂಬಿಗೂ ಕಬ್ಬಿಣಕ್ಕೂ ನಡುವೆ ಸೇರಿಕೊಂಡು ಕಣ್ಣಿಗೆ ಬೀಳದ ಹಾಗೆ ಕೆಲಸ ಮಾಡುತ್ತದೆ. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಉಪ್ಪಿನಂಶ ಇದ್ದಷ್ಟೂ ತುಕ್ಕು ಜಾಸ್ತಿ. ಹಿಮ ಬೀಳುವ ದೇಶಗಳಲ್ಲಿ ಟೈರಿನೊಳಗಿನ ನೀರು ಗಡ್ಡೆ ಕಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಬೆರೆಸುತ್ತಾರೆ. ಅಲ್ಲಿನ ಹಳೆ ಟ್ರ್ಯಾಕ್ಟರುಗಳ ರಿಮ್ಮು ಕೊಳೆಯಲು ಅದು ಹೆಸರಾದ ಕಾರಣ. ನಮಗೆ ಆ ಉಪ್ಪಿನ ಅಗತ್ಯ ಇಲ್ಲ, ಅದರ ಕೆಲಸವನ್ನು ಇಲ್ಲಿ ಕೊಟ್ಟಿಗೆಯೇ ಮಾಡಿಬಿಡುತ್ತದೆ. ಗಾಡಿಯನ್ನು ಮೇವು, ಗೊಬ್ಬರ ಎಳೆಯಲು ಮಾತ್ರ ಬಳಸುವವರು, ಉಳುಮೆ ಇಲ್ಲದವರು, ನೀರು ತುಂಬಿಸದಿರುವುದೇ ಒಳ್ಳೆಯದು.

ಇನ್ನು ಕಲ್ಲು. ಮಧುಗಿರಿ, ಪಾವಗಡದ ಹೊಲಗಳಲ್ಲಿ, ಬದು ಹಾಯುವಾಗ ರಿಮ್ಮಿನ ಅಂಚಿಗೆ ಕಲ್ಲು ಹೊಡೆದು ನೆಗ್ಗುತ್ತದೆ. ಗಾಳಿ ಕಡಿಮೆ ಇದ್ದರೆ ಪೆಟ್ಟು ನೇರ ಕಬ್ಬಿಣಕ್ಕೇ ಬೀಳುತ್ತದೆ. ಗಾಳಿ ಕಡಿಮೆಯಾದಾಗ ಇನ್ನೊಂದು ಉಪದ್ರವ ಇದೆ: ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆದುಕೊಂಡು ಹೋಗಿ ವಾಲ್ವನ್ನು ಬುಡದಲ್ಲೇ ಹರಿಯುತ್ತದೆ. ಕೊರಟಗೆರೆ, ಮಧುಗಿರಿಯ ಕೆರೆ ಕೆಳಗಿನ ಗದ್ದೆಗಳಲ್ಲಿ ಕೆಸರು ಮಾಡಲು ಕೇಜ್ ವೀಲ್ ಹಾಕುತ್ತಾರಲ್ಲ, ಅದನ್ನು ಸಡಿಲವಾಗಿ ಕಟ್ಟಿದರೆ ಬೋಲ್ಟಿನ ತೂತುಗಳು ಸವೆದು ಮೊಟ್ಟೆಯಾಕಾರಕ್ಕೆ ಬರುತ್ತವೆ.

ಮನೆಯಲ್ಲೇ ನೋಡುವುದು ಹೇಗೆ

ಗಾಡಿ ತೊಳೆದ ಮೇಲೆ, ಬೆಳಕಿನಲ್ಲಿ ನೋಡಿ. ವಾಲ್ವಿನ ಸುತ್ತ ಕಬ್ಬಿಣ ಉಬ್ಬಿದೆಯೇ, ಪುಡಿ ಉದುರುತ್ತಿದೆಯೇ? ಹಳೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ಕೆದಕಿ. ಗಟ್ಟಿ ಕಬ್ಬಿಣ ಜಗ್ಗುವುದಿಲ್ಲ, ಕೊಳೆತದ್ದು ಪದರ ಪದರ ಏಳುತ್ತದೆ. ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಬಂದರೆ ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ತಿಂದುಹೋದ ಕಡೆ ಒಡೆದ ಮಡಕೆಯ ಸದ್ದು. ಮಡಕೆ ಕೊಳ್ಳುವಾಗ ಬೆರಳಲ್ಲಿ ಬಾರಿಸಿ ನೋಡುವ ಕಿವಿ ಇಲ್ಲಿಯೂ ಸಾಕು.

ಬೋಲ್ಟಿನ ತೂತುಗಳ ಸುತ್ತ ನೋಡಿ. ತೂತಿನಿಂದ ಹೊರಟು ಕೆಂಪಗೆ ಗೆರೆ ಎಳೆದ ಹಾಗೆ ತುಕ್ಕು ಇಳಿದಿದ್ದರೆ ನಟ್ಟು ಸಡಿಲಾಗಿದೆ, ಇಲ್ಲವೇ ಅಲ್ಲಿ ಬಿರುಕು ಇದೆ. ಬಿರುಕಿನ ಅನುಮಾನ ಬಂದರೆ ಆ ಜಾಗ ಚೆನ್ನಾಗಿ ಉಜ್ಜಿ, ಸ್ವಲ್ಪ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಹಚ್ಚಿ ಒರೆಸಿ, ಮೇಲೆ ಸೀಮೆಸುಣ್ಣ ಸವರಿ. ಬಿರುಕಿದ್ದರೆ ಒಳಗಿನ ಎಣ್ಣೆ ಸುಣ್ಣಕ್ಕೆ ಇಳಿದು ಗೆರೆ ಮೂಡುತ್ತದೆ.

ಗಾಲಿ ಸೊಟ್ಟಗಿದೆಯೇ ಎಂದು ನೋಡಲು, ಸಮನೆಲದಲ್ಲಿ ಬೇರೆಯವರು ನಿಧಾನ ಓಡಿಸುವಾಗ ಹಿಂದೆ ದೂರದಲ್ಲಿ ನಿಂತು ನೋಡಿ. ರಿಮ್ಮು ಕುಣಿದರೆ ಬಾಗಿದೆ ಎಂದರ್ಥ.

ಯಾವುದನ್ನು ಮಾಡಿಸಬಹುದು, ಯಾವುದನ್ನು ಬಿಡಬೇಕು

ಮೇಲ್ಮೈ ತುಕ್ಕು ಮಾತ್ರ ಇದ್ದರೆ ಭಾಗ್ಯ. ಟೈರು ಬಿಚ್ಚಿ, ತಂತಿ ಬ್ರಷ್ಷು, ಉಪ್ಪು ಕಾಗದದಿಂದ ಹೊಳೆಯುವ ಕಬ್ಬಿಣ ಬರುವ ತನಕ ಉಜ್ಜಿ, ಎರಡು ಕೋಟು ರೆಡ್ ಆಕ್ಸೈಡ್, ಅದರ ಮೇಲೆ ಪೈಂಟು. ಪೈಂಟು ಪೂರ್ತಿ ಒಣಗಲು ಒಂದೆರಡು ದಿನ ಬಿಡಿ. ಹಸಿ ಪೈಂಟಿನ ಮೇಲೆ ಟೈರು ಕೂರಿಸಿದರೆ ಮಾಡಿದ್ದೆಲ್ಲ ದಂಡ. ಈ ಕೆಲಸವನ್ನು ಮನೆಯಲ್ಲೇ ಮಾಡಬಹುದು, ವೆಲ್ಡಿಂಗ್ ಅಂಗಡಿ ಬೇಕಿಲ್ಲ.

ಅಂಚು ನೆಗ್ಗಿದ್ದರೆ ಬಡಿದು ನೇರ ಮಾಡಬಹುದು. ಟ್ರ್ಯಾಕ್ಟರ್ ರಿಮ್ಮು ಉಕ್ಕಿನ ತಗಡು, ಬಗ್ಗುತ್ತದೆ. ಸ್ವಲ್ಪ ನೆಗ್ಗಿದ್ದರೆ ಕಾಯಿಸದೆಯೇ ಬರುತ್ತದೆ, ಜಾಸ್ತಿ ಇದ್ದರೆ ಟೈರಿಲ್ಲದ ರಿಮ್ಮನ್ನು ಕಾಯಿಸಿ ಬಡಿಯುತ್ತಾರೆ. ಬಡಿದ ಮೇಲೆ ಆ ಜಾಗದಲ್ಲಿ ಬಿರುಕು ಬಂದಿದೆಯೇ ಎಂದು ಮತ್ತೆ ನೋಡಬೇಕು.

ನಮ್ಮ ಕಡೆ ಹೆಚ್ಚಾಗಿ ಬರುವ ಕೆಲಸ ವಾಲ್ವಿನ ತೂತಿನ ಸುತ್ತ ಕೊಳೆತದ್ದು. ಅಂಗಡಿಯಲ್ಲಿ ಸುಲಭಕ್ಕೆ ಮಾಡುವುದು, ತುಕ್ಕಿನ ಮೇಲೆಯೇ ಒಂದು ತಗಡು ಇಟ್ಟು ಸುತ್ತ ವೆಲ್ಡಿಂಗ್ ಎಳೆಯುವುದು. ತುಕ್ಕು ಹಿಡಿದ ಕಬ್ಬಿಣಕ್ಕೆ ವೆಲ್ಡಿಂಗ್ ಕಚ್ಚುವುದಿಲ್ಲ. ಒಳಗಡೆ ತಗಡಿನ ಅಂಚು ಎದ್ದು ನಿಂತು ಟ್ಯೂಬನ್ನೂ ಕತ್ತರಿಸುತ್ತದೆ. ಸರಿಯಾದ ಕ್ರಮ ಹೀಗೆ: ಕೊಳೆತ ಜಾಗವನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆಯಬೇಕು. ಗುಜರಿಯಿಂದ ಅದೇ ಅಳತೆಯ ಹಳೆ ರಿಮ್ಮಿನ ಗಟ್ಟಿ ತುಂಡನ್ನು ತಂದರೆ ದಪ್ಪವೂ ಬಾಗೂ ಹೊಂದುತ್ತದೆ. ಆ ತುಂಡನ್ನು ಕಿಂಡಿಯೊಳಗೆ ಸರಿಯಾಗಿ ಕೂರಿಸಿ, ಒಳಗೂ ಹೊರಗೂ ಎರಡೂ ಕಡೆ ವೆಲ್ಡಿಂಗ್ ಮಾಡಬೇಕು. ಆಮೇಲೆ ಟ್ಯೂಬು ತಾಗುವ ಕಡೆ ಗ್ರೈಂಡರಿನಿಂದ ಸಮ ಮಾಡಬೇಕು. ಬೆರಳು ಆಡಿಸಿ ನೋಡಿ, ಎಲ್ಲಿಯೂ ಗೀರಬಾರದು. ಹೊಸ ವಾಲ್ವ್ ತೂತು ಕೊರೆದು ಅದರ ಅಂಚನ್ನೂ ಅರದಿಂದ ನುಣ್ಣಗೆ ಮಾಡಿಸಿ. ದುಡ್ಡು ಕೊಡುವ ಮೊದಲು ಈ ಬೆರಳಿನ ಪರೀಕ್ಷೆ ಮಾಡಿಯೇ ಮಾಡಿ.

ಬೋಲ್ಟಿನ ತೂತು ಒಂದೆರಡು ಮಾತ್ರ ಸವೆದಿದ್ದರೆ ವೆಲ್ಡಿಂಗ್‌ನಿಂದ ತುಂಬಿಸಿ ಲೇತ್ ಅಂಗಡಿಯಲ್ಲಿ ಮತ್ತೆ ಕೊರೆಸಬಹುದು. ಕೈ ಅಳತೆಯಲ್ಲಿ ಕೊರೆದರೆ ಗಾಲಿ ನಡುವಿಗೆ ಕೂರುವುದಿಲ್ಲ. ದಪ್ಪ ವಾಷರ್ ತುರುಕಿ ಬಿಗಿದರೆ ವಾರದಲ್ಲಿ ಮತ್ತೆ ಸಡಿಲ. ಎಲ್ಲ ತೂತೂ ಸವೆದಿದ್ದರೆ ಡಿಸ್ಕು ಬದಲಿಸಿ, ಬೋಲ್ಟುಗಳನ್ನೂ ಹೊಸವು ಹಾಕಿಸಿ.

ಬಿರುಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಒಂದು ಬೋಲ್ಟ್ ತೂತಿನಿಂದ ಇನ್ನೊಂದಕ್ಕೆ ಹೋದ ಬಿರುಕು, ಟೈರಿನ ಅಂಚು ಕೂರುವ ಜಾಗದ ಬಿರುಕು, ಸುತ್ತಳತೆಯ ಉದ್ದಕ್ಕೆ ಓಡಿದ ಬಿರುಕು, ಈ ಮೂರರಲ್ಲಿ ಯಾವುದಿದ್ದರೂ ಆ ಕಬ್ಬಿಣ ಗುಜರಿಗೆ. ಬೆಸೆದರೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಅಮೆರಿಕದಲ್ಲಿ ಲಾರಿ, ಬಸ್ಸುಗಳ ಬಿರುಕುಬಿಟ್ಟ ರಿಮ್ಮನ್ನು ಬೆಸೆದು ಬಳಸುವುದನ್ನೇ ಕಾರ್ಮಿಕ ಸುರಕ್ಷತಾ ನಿಯಮ ತಡೆದಿದೆ. ಟ್ರ್ಯಾಕ್ಟರಿನ ಟೈರಿನಲ್ಲಿ ಗಾಳಿಯೂ ಕಡಿಮೆ, ಓಟವೂ ನಿಧಾನ ಎಂಬ ಕಾರಣಕ್ಕೆ ವಾಲ್ವಿನ ಜಾಗ, ಒಳಗಿನ ಕಿವಿ ಇವನ್ನು ಬೆಸೆದು ನಡೆಸುತ್ತೇವೆ. ಅದಕ್ಕಿಂತ ಮುಂದೆ ಹೋಗುವುದು ಬೇಡ. ಟ್ರೇಲರಿನಲ್ಲಿ ಮೇವು, ಮೇವಿನ ಮೇಲೆ ಕೂಲಿಯವರು, ಎದುರಿಗೆ ಕೆರೆ ಏರಿಯ ಇಳಿಜಾರು. ಅಲ್ಲಿ ಗಾಲಿ ಕಳಚಿದರೆ ಉಳಿಸಿದ ದುಡ್ಡಿಗೆ ಅರ್ಥವಿಲ್ಲ.

ಹಳೆ ರಿಮ್ಮು ಕೊಳ್ಳಲು ಹೋಗುವುದಾದರೆ ಟೈರಿನ ಮೇಲಿರುವ ಅಂಕಿಯನ್ನು ಬರೆದುಕೊಂಡು ಹೋಗಿ. ಈ ಸಣ್ಣ ಗಾಡಿಗಳ ಹಿಂದಿನ ಟೈರಿಗೆ ಸಾಮಾನ್ಯವಾಗಿ 8.00-18 ಎಂದಿರುತ್ತದೆ: ಟೈರಿನ ಅಗಲ 8 ಇಂಚು, ರಿಮ್ಮಿನ ಅಡ್ಡಳತೆ 18 ಇಂಚು. ಎರಡನೇ ಅಂಕಿ ತಪ್ಪಿದರೆ ಟೈರು ಕೂರುವುದೇ ಇಲ್ಲ. ಅಂಕಿ ಹೊಂದಿದರೂ ಬೋಲ್ಟಿನ ತೂತುಗಳ ಎಣಿಕೆ, ಅವುಗಳ ನಡುವಿನ ಅಂತರ, ಮಧ್ಯದ ದೊಡ್ಡ ತೂತು ಬೇರೆಯಾಗಿರಬಹುದು. ಹಳೆ ಡಿಸ್ಕನ್ನು ಹಿಂಡಿಯ ಖಾಲಿ ಚೀಲದ ಮೇಲಿಟ್ಟು ತೂತುಗಳನ್ನು ಪೆನ್ನಿನಿಂದ ಗುರುತು ಹಾಕಿ ಒಯ್ದರೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಡಿಸ್ಕು ಎಷ್ಟು ಒಳಕ್ಕೆ ಕುಳಿತಿದೆ ಎಂಬ ಅಳತೆಯೂ ಜೊತೆಗಿರಲಿ.

ಬಿಚ್ಚುವಾಗ, ಕೂರಿಸುವಾಗ

ಗಾಡಿಯನ್ನು ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ, ಬ್ರೇಕ್ ಎಳೆದು, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಅಡೆಕಲ್ಲು ಕೊಡಿ. ಟ್ಯೂಬಿನಲ್ಲಿ ನೀರಿದ್ದರೆ ವಾಲ್ವನ್ನು ಕೆಳಕ್ಕೆ ತಂದು ಮೊದಲು ಅದನ್ನು ಹರಿಸಿಬಿಡಿ. ನೀರು ತುಂಬಿದ ಗಾಲಿ ಕೈ ಮೀರಿ ವಾಲಿದರೆ ಇಬ್ಬರು ಹಿಡಿದರೂ ನಿಲ್ಲದು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಎತ್ತಿ. ಎತ್ತಿದ ಕೂಡಲೇ ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಕೊಡಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕು ಭಾರಕ್ಕೆ ದಿಢೀರನೆ ಪುಡಿಯಾಗುತ್ತವೆ. ಜಾಕನ್ನು ಮಾತ್ರ ನಂಬಿ ಯಾರೂ ಗಾಡಿಯ ಕೆಳಗೆ ಕೈ ಹಾಕುವುದು ಬೇಡ.

ಪವರ್ ಟಿಲ್ಲರ್ ಇರುವವರಿಗೆ ಒಂದು ಮಾತು. ಅಲ್ಲಿ, ಕೆಲವು ಸಣ್ಣ ಗಾಡಿಗಳ ಮುಂದಿನ ಗಾಲಿಯಲ್ಲೂ, ರಿಮ್ಮು ಎರಡು ಹೋಳಾಗಿ ಬೋಲ್ಟಿನಿಂದ ಸೇರಿಸಿದ್ದಿರಬಹುದು. ಗಾಳಿ ಪೂರ್ತಿ ತೆಗೆಯದೆ ಆ ಬೋಲ್ಟು ಬಿಚ್ಚಿದರೆ ಹೋಳು ಮುಖಕ್ಕೆ ಹಾರುತ್ತದೆ. ಪಿನ್ನು ತೆಗೆದು, ಒಳಗೆ ಗಾಳಿ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಸ್ಪ್ಯಾನರ್ ಹಚ್ಚಲಿ.

ಟೈರು ಮತ್ತೆ ಕೂರಿಸುವಾಗ ಅಂಚಿಗೆ ಸೋಪಿನ ನೀರು ಹಚ್ಚಿಸಿ. ಗ್ರೀಸು, ಎಂಜಿನ್ ಆಯಿಲ್ ರಬ್ಬರನ್ನು ಕೆಡಿಸುತ್ತವೆ. ಅಂಚು ರಿಮ್ಮಿಗೆ ಪೂರ್ತಿ ಕೂರಲು ಗಾಳಿ ಹಿಡಿಯುವಾಗ 35 ಪಿಎಸ್‌ಐ ದಾಟಬಾರದು. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಟ್ಟು, ಸೋಪು ಹಚ್ಚಿ, ಮೊದಲಿಂದ ಶುರು ಮಾಡಬೇಕು. ಶಿರಾದ ಹೆದ್ದಾರಿ ಬದಿಯ ಟೈರ್ ಅಂಗಡಿಗಳಿಗೆ ದಿನವೂ ಬರುವುದು ಲಾರಿ. ಲಾರಿ ಟೈರಿಗೆ 100 ಪಿಎಸ್‌ಐ ಮೇಲೆ ಗಾಳಿ ಹಿಡಿಯುವ ಕೈ ಅದು. "ಇದು ಸಣ್ಣ ಟ್ರ್ಯಾಕ್ಟರು, ಮೀಟರ್ ನೋಡ್ಕೊಂಡು ಹಿಡಿಯಣ್ಣ" ಎಂದು ಮೊದಲೇ ಹೇಳಿ. ಗಾಳಿ ತುಂಬುವಾಗ ಗಾಲಿಯ ಮುಖದ ಎದುರು, ಅದರ ಮೇಲೆ ಬಾಗಿ ಯಾರೂ ನಿಲ್ಲಬಾರದು. ಕೂತ ಮೇಲೆ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಇಳಿಸಿ, ಅದು ಈ ಅಂಕಿಗಿಂತ ಸಾಕಷ್ಟು ಕಡಿಮೆ ಇರುತ್ತದೆ. ಪೆಟ್ರೋಲ್ ಚಿಮುಕಿಸಿ ಬೆಂಕಿ ಕೊಟ್ಟು ಟೈರು ಕೂರಿಸುವ ಸಾಹಸ ಯಾರಾದರೂ ತೋರಿಸಲು ಹೊರಟರೆ ತಡೆಯಿರಿ.

ಗಾಡಿ ಎರಡು ಮೂರು ದಿನ ನಿಲ್ಲುತ್ತದೆ ಎಂಬ ಲೆಕ್ಕ ಮೊದಲೇ ಇರಲಿ. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿರು ಮೇವು ಎಂದರೆ ನಾಲ್ಕು ರಾಸಿಗೆ ಮೂರು ದಿನಕ್ಕೆ 300 ಕಿಲೋ ಮೇಲಾಯಿತು. ಹಸಿರು ಮೇವನ್ನು ಮೂರು ದಿನಕ್ಕೆ ಒಟ್ಟಿಗೆ ಕೊಯ್ದು ರಾಶಿ ಹಾಕಿದರೆ ಬಿಸಿಯೇರಿ ಕೆಡುತ್ತದೆ. ರಸಮೇವು ಇದ್ದವರಿಗೆ ಚಿಂತೆಯಿಲ್ಲ. ಉಳಿದವರು ಪಕ್ಕದ ಮನೆಯ ಗಾಡಿಯನ್ನೋ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ಗಾಡಿಯನ್ನೋ ಮುಂಚೆಯೇ ಮಾತಾಡಿಕೊಳ್ಳಿ. ಶೇಂಗಾ ಬಿತ್ತನೆ ಶುರುವಾದ ಮೇಲೆ ಯಾರ ಗಾಡಿಯೂ ಸಿಗದು, ವೆಲ್ಡಿಂಗ್ ಅಂಗಡಿಯಲ್ಲಿ ಕುಂಟೆ, ನೇಗಿಲುಗಳ ಸಾಲು ಬೇರೆ. ಹಾಗಾಗಿ ಈ ಕೆಲಸವನ್ನು ಮುಂಗಾರಿಗೆ ಮೊದಲೇ ಮುಗಿಸಿಕೊಳ್ಳುವುದು ಅನುಕೂಲ.

ಗಾಲಿ ಹಾಕಿಸುವಾಗ ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರು ಬದುರು ಬಿಗಿಯಲಿ, ಆಗ ಡಿಸ್ಕು ಸಮನಾಗಿ ಕೂರುತ್ತದೆ. ಮೊದಲ ಸಲ ಮೇವು ತಂದು ಇಳಿಸಿದ ಕೂಡಲೇ ಸ್ಪ್ಯಾನರ್ ಹಾಕಿ ಮತ್ತೊಮ್ಮೆ ಎಲ್ಲ ನಟ್ಟುಗಳನ್ನೂ ನೋಡಬೇಕು. ಹೊಸ ಪೈಂಟು ಅದುಮಿಕೊಂಡು ಒಂದಿಷ್ಟು ಸಡಿಲ ಆಗಿಯೇ ಇರುತ್ತವೆ. ಆಮೇಲೆ ಒಂದು ವಾರ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ದಿನಕ್ಕೊಂದು ಸಲ.